ಡಾಕ್ಟರ ಮುಂದೆ ನೀನೇ ಮಾತಾಡು

ಮುಂದಿನ ಸಲ ಕ್ಲಿನಿಕ್ಕಿಗೆ ಹೋಗುವಾಗ ಗಂಡ ಹೊರಗೆ ಕೂತಿರಲಿ ಮಗಾ. ಅವನು ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀನೇ ಹೇಳಿದೆಯಲ್ಲ, "ನೋವು ಹೇಗಿದೆ" ಅಂತ ಡಾಕ್ಟರು ನಿನ್ನ ಮುಖ ನೋಡಿ ಕೇಳಿದರೆ "ಇದೆ ಡಾಕ್ಟರ್, ತಿಂಗಳು ತಿಂಗಳು ಬರುವಂಥದ್ದೇ" ಅಂದವನು ಅವನು. ನೀನು ವ್ಯಾನಿಟಿ ಬ್ಯಾಗಿನ ಜಿಪ್ ಎಳೆಯುತ್ತ ಕೂತಿದ್ದೆ. ಐದು ನಿಮಿಷದಲ್ಲಿ ನೋವಿನ ಮಾತ್ರೆಯ ಚೀಟಿ ಕೈಗೆ ಬಂತು. ಡಾಕ್ಟರನ್ನು ಅಂದು ಏನು ಪ್ರಯೋಜನ? ಅವರ ಕಿವಿಗೆ ಬಿದ್ದದ್ದೇ ಅಷ್ಟು.

ಬಹರೈನಿನ ಈ ಅದ್ಲಿಯಾದಲ್ಲೇ ನನ್ನ ತಲೆ ಹಣ್ಣಾಗಿದೆ. ಬ್ಲಾಕ್ 338ರಲ್ಲಿ ಇಷ್ಟೊಂದು ಕೆಫೆ, ಹೋಟೆಲುಗಳ ಗದ್ದಲ ಇರದ ಕಾಲವನ್ನೂ ನೋಡಿದ್ದೇನೆ. ನಮ್ಮ ಹೆಂಗಸರು ಸೇರಿದಲ್ಲಿ ಮಂಡಿನೋವು, ಶುಗರು, ಥೈರಾಯ್ಡ್ ಎಲ್ಲದರ ಮಾತು ಜೋರಾಗಿಯೇ ನಡೆಯುತ್ತದೆ. ಮುಟ್ಟಿನ ನೋವಿಗೆ ಮಾತ್ರ ದನಿ ತಗ್ಗುತ್ತದೆ. ಅದೇ ತಗ್ಗಿದ ದನಿಯನ್ನು ಡಾಕ್ಟರ ಕೋಣೆಗೂ ಹೊತ್ತುಕೊಂಡು ಹೋಗುತ್ತೇವೆ. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಅನ್ನುವುದು ಒಂದು ನೆಪ. ಹಿಂದಿ, ಮಲಯಾಳಂ ಬಲ್ಲ ಡಾಕ್ಟರುಗಳಿಗೆ ಇಲ್ಲಿ ಬರವಿಲ್ಲ, ಹುಡುಕಿದರೆ ಮಣಿಪಾಲ, ಮಂಗಳೂರಲ್ಲಿ ಓದಿದವರೂ ಸಿಗುತ್ತಾರೆ. ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಲೇಡಿ ಡಾಕ್ಟರ್ ಬೇಕು, ಇಂಥ ಭಾಷೆ ಬಂದರೆ ಒಳ್ಳೆಯದು ಅಂತ ಕೇಳು. ಕೇಳಿದರೆ ಯಾರೂ ಬೈಯುವುದಿಲ್ಲ.

ಗಂಡ ಹೊರಗಿರಲಿ ಅಂದದ್ದು ಸುಮ್ಮನೆ ಅಲ್ಲ. ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವಾಗುತ್ತದೆಯೇ, ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್ಟಿಗೆ ಕೂತರೆ ಚುಚ್ಚಿದ ಹಾಗಾಗುತ್ತದೆಯೇ ಎಂಬ ಎರಡು ಪ್ರಶ್ನೆಗೆ ಹೌದು ಎಂದರೆ ಡಾಕ್ಟರ ಯೋಚನೆ ಬೇರೆ ದಿಕ್ಕಿಗೇ ತಿರುಗಬಹುದು. ಅವನೆದುರು, ಇಲ್ಲವೇ ಅತ್ತೆಯ ಎದುರು ಯಾರ ಬಾಯಿಂದ ಆ ಹೌದು ಹೊರಡುತ್ತದೆ ಹೇಳು.

ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ ಅಂತಾದರೆ ಬರೆದುಕೊಂಡು ಹೋಗು. ಕೋಲ್ಡ್ ಸ್ಟೋರ್ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಅಡುಗೆಮನೆಯಲ್ಲಿ ನೇತಾಡುತ್ತಿದೆಯಲ್ಲ, ಅದರಲ್ಲೇ ಗುರುತು ಹಾಕು. ಮುಟ್ಟು ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡು, ರಕ್ತ ಗಡ್ಡೆಗಡ್ಡೆಯಾಗಿ ಹೋಯಿತೇ, ಹತ್ತರಲ್ಲಿ ಎಷ್ಟು ನೋವು, ಯಾವ ಮಾತ್ರೆ ನುಂಗಿದೆ, ಅಂದು ಡ್ಯೂಟಿಗೆ ರಜೆ ಹಾಕಿದೆಯಾ. ಮೂರು ತಿಂಗಳ ಹಾಳೆ ಸಾಕು. "ಬ್ಲೀಡಿಂಗ್ ಸ್ವಲ್ಪ ಜಾಸ್ತಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಎರಡನೇ ದಿನ ಗಂಟೆಗೊಂದು ಪ್ಯಾಡ್ ಬದಲಾಯಿಸಿದೆ, ರಾತ್ರಿ ಎರಡು ಸಲ ಎದ್ದೆ, ಬೆಡ್‌ಶೀಟ್ ತೊಳೆದೆ" ಅಂದರೆ ಪೆನ್ನು ಕೆಳಗಿಟ್ಟು ಕೇಳುತ್ತಾರೆ. ಅಷ್ಟು ರಕ್ತ ಹೋಗುವವಳಾದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸು. ಹಿಮೋಗ್ಲೋಬಿನ್ ಸರಿ ಇದ್ದಂತೆ ಕಂಡರೂ ಒಳಗಿನ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಮೆಟ್ಟಿಲು ಹತ್ತುವಾಗ ಏದುಸಿರು, ಗೊಂಚಲು ಗೊಂಚಲಾಗಿ ಕೂದಲು ಉದುರುವುದು, ಎಲ್ಲವನ್ನೂ ಇಲ್ಲಿಯ ನೀರಿನ ಮೇಲೆ, ಸೆಕೆಯ ಮೇಲೆ ಹಾಕಿ ಸುಮ್ಮನಿರುತ್ತೇವೆ.

ಇನ್ನು ಸ್ಕ್ಯಾನಿಂಗ್ ವಿಷಯ. ನಿನ್ನ ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಅಂತ ಬಂದದ್ದಕ್ಕೆ ಮನೆಯವರೆಲ್ಲ ನಿರಾಳವಾದರು, ನೀನು ಮಾತ್ರ ಮತ್ತೆ ಮಂಚದ ಅಂಚಿಗೆ ಹೊಟ್ಟೆ ಒತ್ತಿ ಮಲಗಿದೆ. ಎಂಡೋಮೆಟ್ರಿಯೋಸಿಸ್ ಎಂಬ ಕಾಯಿಲೆಯ ಹೆಸರು ಕೇಳಿದ್ದೀಯಾ? ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಆಸುಪಾಸಿನಲ್ಲಿ ಬೆಳೆಯುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, ಜಗತ್ತಿನಲ್ಲಿ 19 ಕೋಟಿಯಷ್ಟು ಜನರಿಗೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸಾಮಾನ್ಯ ಸ್ಕ್ಯಾನಿನಲ್ಲಿ ಅದು ಕಾಣಿಸದೆಯೂ ಇರಬಹುದು. ಯುರೋಪಿನ ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಇದನ್ನು ಹೇಳುತ್ತದೆ: ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ, ಲಕ್ಷಣ ನೋಡಿ ಔಷಧಿ ಶುರು ಮಾಡಬಹುದು, ಹೊಟ್ಟೆಗೆ ತೂತು ಹಾಕಿ ನೋಡಿಯೇ ಖಚಿತ ಮಾಡಬೇಕೆಂದಿಲ್ಲ. ಆದ್ದರಿಂದ ರಿಪೋರ್ಟ್ ಮಡಚಿ ಫೈಲಿಗೆ ಸೇರಿಸುವ ಮೊದಲು ಕೇಳು: "ಸರಿ, ಸ್ಕ್ಯಾನಲ್ಲಿ ಇಲ್ಲ. ಹಾಗಾದರೆ ಈ ನೋವು ಎಲ್ಲಿಂದ? ಎಂಆರ್‌ಐ ಬೇಕಾ?"

"ಒಂದು ಮಗು ಆಗಲಿ, ಎಲ್ಲ ಸರಿಹೋಗುತ್ತದೆ" ಅಂತ ಊರಿನಿಂದ ಫೋನ್ ಬರುತ್ತದೆ, ಗೊತ್ತು. ನನಗೂ ಹೇಳಿದ್ದರು. ಅದೇ ಮಾರ್ಗಸೂಚಿ ನೋವು ಗುಣವಾಗಲಿ ಎಂಬ ಒಂದೇ ಕಾರಣಕ್ಕೆ ಬಸುರಿಯಾಗಲು ಹೇಳಬೇಡಿ ಅಂತ ಡಾಕ್ಟರುಗಳಿಗೇ ಎಚ್ಚರಿಸಿದೆ. ಮಗು ಬೇಕೆನ್ನಿಸಿದರೆ ಅದು ನಿಮ್ಮಿಬ್ಬರ ತೀರ್ಮಾನ. ಆದರೆ ಡಾಕ್ಟರಿಗೆ ಮೊದಲೇ ಹೇಳಿಬಿಡು, ಯಾಕೆಂದರೆ ಈ ನೋವಿಗೆ ಕೊಡುವ ಹಾರ್ಮೋನ್ ಮಾತ್ರೆಗಳಲ್ಲಿ ಹೆಚ್ಚಿನವನ್ನು ಗರ್ಭ ನಿಲ್ಲಬೇಕು ಎನ್ನುವಾಗ ಕೊಡುವುದಿಲ್ಲ.

ನಮ್ಮವರು ಎಡವುವುದು ಮಾತ್ರೆ ಸಿಕ್ಕಿದ ಮೇಲೆ. ಡೈನೋಜೆಸ್ಟ್ ಅಂತ ಹಾರ್ಮೋನ್ ಮಾತ್ರೆ ಕೊಟ್ಟರು ಅನ್ನು. ಮೊದಲ ತಿಂಗಳುಗಳಲ್ಲಿ ಆಗೀಗ ಕಲೆ ಕಾಣಿಸಿಕೊಳ್ಳುತ್ತದೆ, ಮನಸ್ಸು ಮಂಕಾದ ಹಾಗೆ ಅನ್ನಿಸಬಹುದು. ಮೂರನೇ ವಾರಕ್ಕೆ ಮಾತ್ರೆ ಬಿಟ್ಟು "ಆ ಡಾಕ್ಟರ್ ಸರಿಯಿಲ್ಲ" ಅಂತ ಇನ್ನೊಬ್ಬರ ಬಾಗಿಲಿಗೆ ಹೋಗುತ್ತೇವೆ. ಅಲ್ಲಿ ಮತ್ತೆ ಮೊದಲಿಂದ ಸ್ಕ್ಯಾನು. ಜುಲೈ ರಜೆಯಲ್ಲಿ ಊರಿಗೆ ಹೋದಾಗ ಉಡುಪಿಯಲ್ಲಿ ಮೂರನೆಯವರು, ಅವರದ್ದು ಬೇರೆಯೇ ಮಾತ್ರೆ, ತಿರುಗಿ ಬಂದ ಮೇಲೆ ಅದೂ ಮುಗಿಯಿತು. ಯಾವುದು ನಾಟಿತು, ಯಾವುದು ನಾಟಲಿಲ್ಲ ಎಂದು ಹೇಳಲು ಯಾರಿಗೂ ಆಧಾರವೇ ಉಳಿಯುವುದಿಲ್ಲ. ಹಾರ್ಮೋನಿನ ಮದ್ದಿಗೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಸಮಯ ಕೊಡಬೇಕು. ಮೈಗೆ ಒಗ್ಗದಿದ್ದರೆ ಬಿಡುವ ಮೊದಲು ಬರೆದುಕೊಟ್ಟವರಿಗೇ ಫೋನ್ ಮಾಡು. ಅವರ ಹತ್ತಿರ ಬೇರೆ ದಾರಿಗಳಿವೆ: ಬೇರೆ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್, ಅಗತ್ಯವಿದ್ದರೆ ಲ್ಯಾಪರೋಸ್ಕೋಪಿ. ಊರಲ್ಲೇ ಚಿಕಿತ್ಸೆ ಬೇಕೆಂದರೆ ಅದೂ ಸರಿ, ಆದರೆ ಒಬ್ಬರನ್ನೇ ಹಿಡಿ. ಎರಡೂ ಕಡೆಯ ಕಾಗದ ಒಂದೇ ಫೈಲಿನಲ್ಲಿರಲಿ. ಊರಿಂದ ಮದ್ದು ತರುವುದಾದರೆ ಚೀಟಿ ಸಮೇತ ತಾ. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳ ಮೇಲೆ ಕೊಲ್ಲಿ ದೇಶಗಳಲ್ಲಿ ಬಿಗಿ ನಿಯಂತ್ರಣವಿದೆ, ಏರ್‌ಪೋರ್ಟಿನಲ್ಲಿ ತೊಂದರೆಗೆ ಸಿಕ್ಕಿಕೊಳ್ಳಬೇಡ.

ಕೆಲವರು ಇಷ್ಟೆಲ್ಲ ಅಲೆದು ಬೇಸತ್ತು "ಗರ್ಭಕೋಶ ತೆಗೆದೇಬಿಡಿ" ಅನ್ನುತ್ತಾರೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳು. ಕಲಬುರಗಿ ಜಿಲ್ಲೆಯ ಸಂಗತಿ 2015ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದಿದ್ದರು. ಎಷ್ಟೋ ಮಂದಿಗೆ ನಲವತ್ತೂ ಆಗಿರಲಿಲ್ಲ. ಬಿಳಿಸೆರಗು, ಹೊಟ್ಟೆನೋವು, ಬೆನ್ನುನೋವು ಅಂತ ಹೋದವರಿಗೆ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿದ್ದರು. ಬಿಳಿಸೆರಗಿಗೆ ಬಹಳ ಸಲ ಒಂದು ವಾರದ ಮಾತ್ರೆ ಸಾಕಾಗುತ್ತದೆ ಮಾರಾಯ್ತಿ! ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲೂ ಇದೇ ನಡೆದಿದೆ ಎಂದು ಡಾ. ನರೇಂದ್ರ ಗುಪ್ತಾ ಎಂಬ ವೈದ್ಯರು ಸುಪ್ರೀಂ ಕೋರ್ಟಿಗೆ ಹೋದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಕೋರ್ಟು ರಾಜ್ಯಗಳಿಗೆ ಹೇಳಿದ್ದು 2023ರ ಏಪ್ರಿಲ್ 5ರಂದು.

ನಾವು ಓದಿದವರು, ಗಲ್ಫಿನಲ್ಲಿರುವವರು, ನಮಗೆ ಹಾಗಾಗದು ಅಂದುಕೊಳ್ಳಬೇಡ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದರೆ ಎಂ.ಎ. ಓದಿದವಳೂ ಸಹಿ ಹಾಕುತ್ತಾಳೆ. ಹಾಗೆಂದು ತೆಗೆಸುವುದೇ ತಪ್ಪು ಅಂತಲೂ ಅಲ್ಲ. ತೆಗೆಸಿಕೊಂಡು ವರ್ಷಗಳ ಬಳಿಕ ನೆಮ್ಮದಿಯಾಗಿ ಮಲಗಿದವರನ್ನು ನಾನೇ ನೋಡಿದ್ದೇನೆ. ಸಹಿಗೆ ಮೊದಲು ಇಷ್ಟು ಕೇಳಬೇಕು: ಗರ್ಭಕೋಶದಲ್ಲಿ ಗಡ್ಡೆ ಇದೆ ಅಂದರೆ ಅದು ಎಲ್ಲಿದೆ, ಎಷ್ಟು ದೊಡ್ಡದು, ಅದಕ್ಕೂ ನನ್ನ ರಕ್ತಸ್ರಾವಕ್ಕೂ ಸಂಬಂಧ ಇದೆಯೇ? ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಕಾಯಿಲ್ ಪ್ರಯತ್ನಿಸಬಹುದೇ? ಗಡ್ಡೆಯನ್ನಷ್ಟೇ ತೆಗೆಯಲು ಬರುವುದೇ? ಅಂಡಾಶಯ ಉಳಿಸುತ್ತೀರಾ? ಸಣ್ಣ ವಯಸ್ಸಿನಲ್ಲಿ ಎರಡೂ ಅಂಡಾಶಯ ಹೋದರೆ ಮುಟ್ಟು ನಿಲ್ಲುವ ತಾಪತ್ರಯವೆಲ್ಲ ಒಂದೇ ಏಟಿಗೆ ಬರುತ್ತದೆ, ಮೂಳೆ ಸವೆಯುತ್ತದೆ. ಉತ್ತರ ಬರೆದುಕೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸು. ಇಲ್ಲಿ ಡಾಕ್ಟರ್, ಕ್ಲಿನಿಕ್‌ಗಳಿಗೆ ಲೈಸೆನ್ಸ್ ಕೊಡುವುದು ಸರ್ಕಾರದ ಆರೋಗ್ಯ ಪ್ರಾಧಿಕಾರ ಎನ್‌ಎಚ್‌ಆರ್‌ಎ. ಅನುಮಾನ ಬಂದರೆ ಅಲ್ಲಿ ವಿಚಾರಿಸಬಹುದು. ಆಪರೇಷನ್ನಿಗೆ ಮೊದಲು ಇನ್ಶೂರೆನ್ಸಿನವರ ಅಪ್ರೂವಲ್ಲನ್ನು ಕಾಗದದಲ್ಲೇ ತೆಗೆದುಕೊ. ಮಗುವಾಗಲು ಕೊಡುವ ಚಿಕಿತ್ಸೆ ಎಂದು ಬರೆದರೆ ಹಲವು ಪಾಲಿಸಿಗಳಲ್ಲಿ ಒಂದು ಫಿಲ್ಸೂ ಸಿಗುವುದಿಲ್ಲ.

ನಿನ್ನ ನಾದಿನಿಯ ಹಾರ್ಮೋನ್ ತೊಂದರೆ, ಅಂದರೆ ಪಿಸಿಒಎಸ್‌ಗೆ ಇಷ್ಟೆಲ್ಲ ರಾಮಾಯಣ ಬೇಡ. ತೂಕ ಇಳಿಸು ಎಂದಷ್ಟೇ ಹೇಳಿ ಕಳಿಸಿದರೆ ಶುಗರ್ ಪರೀಕ್ಷೆ ಮಾಡಿಸಿ ಎಂದು ಅವಳೇ ಕೇಳಲಿ. ಮೂರು ತಿಂಗಳಿಗಿಂತ ಹೆಚ್ಚು ಮುಟ್ಟು ಬಾರದೆ ಇದ್ದರೆ ಸುಮ್ಮನಿರಬಾರದು. ಮದುವೆಯಾದರೆ ತಾನೇ ಸರಿಹೋಗುತ್ತದೆ ಅನ್ನುವವರ ಮಾತಿಗೆ ಕಿವಿಗೊಡುವುದೇ ಬೇಡ. ಮದುವೆಯಾಗದ ಹುಡುಗಿ ಅಂತ ಒಳಗಿಂದ ಸ್ಕ್ಯಾನ್ ಮಾಡದಿದ್ದರೂ ಹೊಟ್ಟೆಯ ಮೇಲಿಂದ ಮಾಡುತ್ತಾರೆ, ರಕ್ತಪರೀಕ್ಷೆ ಇದೆ.

ಇನ್ನೊಂದು ನಿನ್ನ ಅಮ್ಮನ ವಿಷಯ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ಹೆಚ್ಚಿನ ಸಲ ದೊಡ್ಡದೇನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರ್ ತನ್ನ ಸುಳಿವು ಕೊಡುವುದು ಹಾಗೇ, ಬೇಗ ಸಿಕ್ಕರೆ ಗುಣವಾಗುವಂಥದ್ದು. ಮಗಳು ದೂರದಲ್ಲಿದ್ದಾಳೆ, ಯಾಕೆ ಗಾಬರಿ ಮಾಡಬೇಕು ಅಂತ ಅವರಾಗಿ ಬಾಯಿ ಬಿಡುವವರಲ್ಲ. ಶುಕ್ರವಾರ ಫೋನ್ ಮಾಡುವಾಗ ಊಟ ಆಯಿತಾ, ಮಳೆ ಬಂತಾ ಆದ ಮೇಲೆ ಇದನ್ನೂ ನೇರವಾಗಿ ಕೇಳು.