ಕುದುರೆ ಎತ್ತಲ್ಲ

ಕುರುಗೋಡು ಸೀಮೆಯ ನಮ್ಮ ಎರೆಹೊಲಕ್ಕೆ ಕುರಿ ತರುಬಲು ಬಂದ ಕುರಿಗಾರರ ಕುದುರೆಗೆ, ಪಾಪ ಹಸಿದೈತಿ ಅಂತ, ನಾನೇ ಒಂದು ಬುಟ್ಟಿ ಜೋಳ ಸುರಿದೆ. ರಾತ್ರಿಯೆಲ್ಲ ಹೊಟ್ಟೆಶೂಲೆಯಿಂದ ಹೊರಳಾಡಿ ಬೆಳಗಿನ ಜಾವ ಸತ್ತಿತು. ಎತ್ತಿನಂತೆಯೇ ಅಂತ ತಿಳಿದದ್ದು ನನ್ನ ತಪ್ಪು.

ಎತ್ತಿನ ಹೊಟ್ಟೆಗೆ 4 ಕೋಣೆ, ಮೆಲುಕು ಹಾಕುತ್ತದೆ. ಕುದುರೆಗೆ ಒಂದೇ ಸಣ್ಣ ಹೊಟ್ಟೆ; ಮೆಲುಕಿಲ್ಲ, ವಾಂತಿಯೂ ಆಗದು. ಅದಕ್ಕೇ:

1. ಹುಲ್ಲೇ ಮುಖ್ಯ ಮೇವು. ಕಾಳು ಕೊಟ್ಟರೆ ಸ್ವಲ್ಪ ಸ್ವಲ್ಪವೇ, 2-3 ಸಲ. ಬೂಸ್ಟು ಹಿಡಿದದ್ದು ಬೇಡ.

2. ಶುದ್ಧ ನೀರು ಸದಾ ಇರಲಿ.

3. ಲಾಯದ ನೆಲ ಒಣಗಿರಲಿ. ದಿನಾ ಗೊರಸಿನಡಿ ಕೆರೆದು ನೋಡಿ.

4. ತಿರುಗಿ ತಿರುಗಿ ಹೊಟ್ಟೆ ನೋಡಿಕೊಂಡು, ನೆಲ ಕೆರೆದು, ಬೆವರಿದರೆ ಮೇವು ನಿಲ್ಲಿಸಿ. ಕೂಡಲೇ ಪಶುವೈದ್ಯರನ್ನು ಕರೆಸಿ.

ಬೀದರಿನಂಥ ಪಶುವೈದ್ಯ ಕಾಲೇಜುಗಳಲ್ಲಿ ಇದೂ ಪಾಠವೇ. ನಮ್ಮ ಮಕ್ಕಳು ಕಲಿತು ಬರಲಿ. ಅಲ್ಲಿತನಕ ನಮಗೆ ಇಷ್ಟಾದರೂ ಗೊತ್ತಿರಲಿ.