ಹಳದಿ ಗರಗ: ನೆಲವರಿತು ಮೂಲಿಕೆ ಗುರುತಿಸಿರಿ

ಇಟಗಿ, ರೋಣ, ನರಗುಂದ ಸೀಮೆಯ ಎರೆಹೊಲಗಳಲ್ಲಿ ನಾವು ಬೆಳೆಯುವ ಸೂರ್ಯಕಾಂತಿಯು ಒಂದೇ ಹಂಗಾಮಿನ ಗಿಡ. ಕಾಳು ಬಲಿತೊಡನೆ ಅದರ ಆಯುಷ್ಯ ಮುಗಿಯುವುದು. ಅದರ ತವರಾದ ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬಹುವಾರ್ಷಿಕ ಕಾಡು ಸೂರ್ಯಕಾಂತಿಗಳೂ ಉಂಟು. ಚಳಿಗೆ ಕಾಂಡ ಒಣಗಿದರೂ ನೆಲದೊಳಗಿನ ಬೇರು ಬದುಕಿದ್ದು, ವಸಂತದಲ್ಲಿ ಮತ್ತೆ ಚಿಗುರುವುದು.

ಇದೇ ಕುಟುಂಬಕ್ಕೆ ಸೇರಿದ ನಮ್ಮ ದೇಶದ ಬಹುವಾರ್ಷಿಕ ಮೂಲಿಕೆ ಹಳದಿ ಗರಗ. ಆಯುರ್ವೇದದಲ್ಲಿ ಇದನ್ನು ಪೀತಭೃಂಗರಾಜವೆಂದೂ, ತಮಿಳುನಾಡಿನಲ್ಲಿ ಮಂಜಳ್ ಕರಿಸಲಾಂಗಣ್ಣಿಯೆಂದೂ ಕರೆಯುವರು. ಯಕೃತ್ತಿನ ವಿಕಾರಗಳಲ್ಲಿಯೂ ಕೇಶತೈಲಗಳಲ್ಲಿಯೂ ಇದರ ಬಳಕೆಯಿದೆ. ಬಿಳಿ ಹೂವಿನ ಗರಗದಲ್ಲಿರುವ ವೆಡೆಲೊಲ್ಯಾಕ್ಟೋನ್ ಎಂಬ ಅಂಶವು ಇದರಲ್ಲಿಯೂ ಇದೆ.

ಮೂಲಿಕೆಯನ್ನು ಕೀಳುವ ಮೊದಲು ನೆಲವನ್ನು ಪರೀಕ್ಷಿಸಬೇಕೆಂಬುದು ನಮ್ಮ ಶಾಸ್ತ್ರದ ವಿಧಿ. ಚರಕಸಂಹಿತೆಯ ಕಲ್ಪಸ್ಥಾನವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ಮಳೆ ಕಡಿಮೆಯಿರುವ ನಮ್ಮ ಸೀಮೆ ಜಾಂಗಲ. ಹಳದಿ ಗರಗವಾದರೋ ಆನೂಪದ ಗಿಡ. ಗದ್ದೆಯ ಬದು, ಕಾಲುವೆಯ ಅಂಚು ಮುಂತಾದ ತೇವದ ನೆಲದಲ್ಲಿ ಹರಡಿ, ಗೆಣ್ಣುಗೆಣ್ಣಿಗೂ ಬೇರುಬಿಟ್ಟು ವರ್ಷಾನುಗಟ್ಟಲೆ ಬಾಳುವುದು. ಆದುದರಿಂದ ನಮ್ಮ ಒಣಹೊಲದಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಹಾಗಾದರೆ ಊರುಗಳ ಉದ್ಯಾನಗಳಲ್ಲಿ ನೆಲಮುಚ್ಚಿ ಹಬ್ಬಿ, ಹಳದಿ ಹೂ ಬಿಡುವ ಬಳ್ಳಿ ಯಾವುದು? ಅದು ಬಹುಮಟ್ಟಿಗೆ ಅಮೆರಿಕದ ಉಷ್ಣಪ್ರದೇಶದಿಂದ ಅಲಂಕಾರಕ್ಕಾಗಿ ತಂದ ಬೇರೊಂದು ಜಾತಿ. ಜಗತ್ತಿನ ಅತಿ ಉಪದ್ರವಕಾರಿಯಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಒಂದು. ಅದರ ಎಲೆ ಸಾಮಾನ್ಯವಾಗಿ ಮೂರು ಸೀಳಾಗಿ, ದಪ್ಪವಾಗಿ, ಹೊಳೆಯುವುದು. ಹಳದಿ ಗರಗದ ಎಲೆ ನೀಳ, ಕಿರಿದು, ಸೀಳಿಲ್ಲದ್ದು, ಮುಟ್ಟಿದರೆ ಒರಟು. ಉದ್ಯಾನದ ಬಳ್ಳಿಯನ್ನು ಗರಗವೆಂದು ಭಾವಿಸಿ ರಸ ಹಿಂಡಿ ಕುಡಿಯಬಾರದು.

ನಮ್ಮಲ್ಲಿ ಸಹಜವಾಗಿ ದೊರೆಯುವುದು ಬಿಳಿ ಹೂವಿನ ಗರಗ. ಅದೂ ಹಳ್ಳ, ಕೆರೆ, ಬಾವಿಗಳ ತಂಪಿನಲ್ಲಿ ಬೆಳೆಯುವಂಥದು. ಗಟಾರದ ಬದಿಯಲ್ಲಿ ಎಷ್ಟೇ ಹುಲುಸಾಗಿ ಬೆಳೆದಿದ್ದರೂ ಅದನ್ನು ಔಷಧಿಗೆ ತರಕೂಡದು. ಹೊಲಸು ನೀರಿನ ದೋಷವು ಮದ್ದಿನೊಡನೆ ಒಡಲಿಗೆ ಸೇರುವುದು.

ಕೊನೆಯದಾಗಿ ಸದ್ಭಕ್ತರಲ್ಲಿ ನಮ್ಮ ವಿನಂತಿ. ಕಣ್ಣು, ಮೂತ್ರ ಹಳದಿಯಾದರೆ ಸೊಪ್ಪನ್ನು ಹುಡುಕುತ್ತ ದಿನ ಕಳೆಯದಿರಿ. ಕಾಮಾಲೆಗೆ ಸೋಂಕು, ಮದ್ಯಪಾನ, ಪಿತ್ತನಾಳದ ಕಲ್ಲು ಹೀಗೆ ಕಾರಣಗಳು ಹಲವು. ರಕ್ತಪರೀಕ್ಷೆ ಮಾಡಿಸಿ, ಕಾರಣ ತಿಳಿದ ಬಳಿಕವೇ ವೈದ್ಯರ ಸಲಹೆಯಂತೆ ಮೂಲಿಕೆಯನ್ನು ಸೇವಿಸಿರಿ. ಗರ್ಭಿಣಿಯರಂತೂ ತಾವಾಗಿಯೇ ಸೇವಿಸಲೇಬಾರದು. ನೆಲ, ಗಿಡ, ರೋಗ ಮೂರನ್ನೂ ಅರಿತು ಕೊಟ್ಟುದೇ ಔಷಧಿ.