ಆಟದ ನೋವು: ತಡೆ ಮತ್ತು ಆರೈಕೆ

ಕಡೂರು, ಅಜ್ಜಂಪುರಗಳ ಬಯಲುನೆಲ ಬೇಸಿಗೆಯಲ್ಲಿ ಕಲ್ಲಿನಂತೆ ಬಿರುಸು. ಮಲೆನಾಡ ಸೆರಗಿನ ತರೀಕೆರೆಯಲ್ಲಿ ಮಳೆಗಾಲದ ಮೈದಾನ ಜಾರುವುದು. ಕಬಡ್ಡಿ, ಖೊಖೊ ಆಡುವ ಮಕ್ಕಳ ಕಾಲು ಉಳುಕುವುದು ಥಟ್ಟನೆ ತಿರುಗುವಾಗಲೇ. ಗರಡಿಯ ಹಿರಿಯರು ಮೊದಲು ಮಣ್ಣನ್ನು ಅಗೆದು ಮಿದುಗೊಳಿಸಿ, ಬಸ್ಕಿ ಹೊಡೆದು ಮೈ ಕಾಯಿಸಿಕೊಂಡ ನಂತರವೇ ಕುಸ್ತಿಗೆ ಇಳಿಯುತ್ತಿದ್ದರು. ಶಾಲೆಯ ಮೈದಾನಕ್ಕೂ ಇದೇ ನೀತಿ.

ಉಳುಕಿದೊಡನೆ ಬಲವಾಗಿ ತಿಕ್ಕುವುದು, ಎಳೆಯುವುದು, ಬಿಸಿನೀರು ಹೊಯ್ಯುವುದು ಸಲ್ಲದು, ಬಾವು ಹೆಚ್ಚುವುದು. ಮೊದಲೆರಡು ದಿನ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲಿರಿಸಬೇಕು. ತಣ್ಣೀರ ಬಟ್ಟೆಯಿಂದ ನೋವು ತಗ್ಗುವುದು. ವಿಶ್ರಾಂತಿ ಹಾಗೂ ಮಂಜುಗಡ್ಡೆಯ ಸೂತ್ರವನ್ನು 1978ರಲ್ಲಿ ಸಾರಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಇವೆರಡೂ ಅತಿಯಾದರೆ ಗುಣವಾಗುವುದು ತಡವಾಗಬಹುದೆಂದು 2014ರಲ್ಲಿ ತಮ್ಮ ಮಾತನ್ನು ತಿದ್ದಿಕೊಂಡರು. ಆದುದರಿಂದ ನೋವು ಇಳಿದಂತೆ ಮೆಲ್ಲನೆ ನಡೆಯಬೇಕು. ಬಳಿಕ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ, ಕೊನೆಗೆ ಓಟ. ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ, ಹರಡಿನ ಮೂಳೆಯನ್ನು ಒತ್ತಿದಾಗ ನೊಂದರೆ, ಕ್ಷ-ಕಿರಣ ಪರೀಕ್ಷೆ ಮಾಡಿಸತಕ್ಕದ್ದು.

ಪಂದ್ಯ ತಪ್ಪೀತೆಂದು ನೋವನ್ನು ಮುಚ್ಚಿಡುವ ಮಗುವೇ ಮತ್ತೆ ಮತ್ತೆ ಉಳುಕಿಗೆ ಗುರಿಯಾಗುವುದು. "ನೋಯುತ್ತಿದೆ, ಗುರುಗಳೇ" ಎಂದು ಅದು ಅಂಜದೆ ಹೇಳುವಂತಿರಬೇಕು. ಗೆದ್ದ ಫಲಕಕ್ಕಿಂತ ಗಟ್ಟಿ ಕಾಲು ದೊಡ್ಡದು. ಬಹುಮಾನಗಳನ್ನು ನೀಡುವ ದಾನಿಗಳು ಮೈದಾನಕ್ಕೆ ನಾಲ್ಕು ಗಾಡಿ ಮೆದುಮಣ್ಣನ್ನೂ ಹಾಕಿಸಿದರೆ ಆ ಪುಣ್ಯ ಕಡಿಮೆಯದಲ್ಲ.